ವಿದೇಶಿ ವಿಶ್ವವಿದ್ಯಾಲಯದ ಜೊತೆ ಜಂಟಿ ಸಂಶೋಧನೆ: ಎಂಒಯು ಕೊನೆಗಿರಲಿ, ಕೆಲಸ ಮೊದಲು ಶುರುವಾಗಲಿ

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳು, ಪಿಎಚ್‌ಡಿ ಮಾಡುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಫಾರಿನ್ ಯೂನಿವರ್ಸಿಟಿ ಜೊತೆ ಕೊಲಾಬರೇಶನ್ ಮಾಡ್ಬೇಕು, ಎಂಒಯು ಫಾರ್ಮ್ಯಾಟ್ ಇದ್ರೆ ಕಳಿಸ್ತೀರಾ?"

ಎಂಒಯು ಅಂದರೆ ಒಟ್ಟಿಗೆ ಕೆಲಸ ಮಾಡುತ್ತೇವೆ ಅಂತ ಎರಡು ಸಂಸ್ಥೆಗಳು ಸಹಿ ಹಾಕುವ ಪತ್ರ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸಲು ಅದು ಬೇಕು, ಒಪ್ಪುತ್ತೇನೆ. ಆದರೆ ಸಹಿ ಬಿದ್ದ ಮಾತ್ರಕ್ಕೆ ಸಂಶೋಧನೆ ನಡೆಯುವುದಿಲ್ಲ. ಇಲ್ಲೊಬ್ಬರು, ಅಲ್ಲೊಬ್ಬರು ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದರೆ ನಡೆಯುತ್ತದೆ. ಅದಕ್ಕೇ ಈ ಲೇಖನದಲ್ಲಿ ಎಂಒಯು ಏಳನೇ ಹಂತದಲ್ಲಿ ಬರುತ್ತದೆ.

ಶುರು ಮಾಡಲು ಜಾಸ್ತಿ ಏನೂ ಬೇಡ. ಕಾಲೇಜಿನ ಇಮೇಲ್ ವಿಳಾಸ, ಅವಧಿ ಮುಗಿಯದ ಪಾಸ್‌ಪೋರ್ಟ್, ನೀವೇ ಅಳತೆ ಮಾಡಿದ ಒಂದಿಷ್ಟು ಡೇಟಾ, ವಿಭಾಗದ ಮುಖ್ಯಸ್ಥರ ಒಪ್ಪಿಗೆ. ಜೊತೆಗೆ ತಾಳ್ಮೆ. ಮೊದಲ ಮೇಲ್‌ನಿಂದ ಮೊದಲ ಜಂಟಿ ಪೇಪರ್‌ವರೆಗೆ ಒಂದೂವರೆ ವರ್ಷ ಹಿಡಿದರೆ ಬೇಗ ಆಯಿತು ಅಂದುಕೊಳ್ಳಿ.

1. ನಮ್ಮ ಊರಿನ ಪ್ರಶ್ನೆಯನ್ನೇ ಹಿಡಿಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಜಾಸ್ತಿ ಜನ ಇದನ್ನೇ ಬಿಟ್ಟು ಮುಂದೆ ಹೋಗುತ್ತಾರೆ.

"ಮಷೀನ್ ಲರ್ನಿಂಗ್‌ನಲ್ಲಿ ಆಸಕ್ತಿ ಇದೆ" ಅಂತ ಬರೆದರೆ ಜರ್ಮನಿಯ ಪ್ರೊಫೆಸರ್ ನಿಮ್ಮನ್ನು ಯಾಕೆ ಆರಿಸಬೇಕು? ಆ ಆಸಕ್ತಿ ಇರುವವರು ಅವರ ಕಾರಿಡಾರ್‌ನಲ್ಲೇ ಇದ್ದಾರೆ. ಅವರ ಹತ್ತಿರ ಇಲ್ಲದ್ದು ನಮ್ಮ ಜಾಗ, ನಮ್ಮ ಡೇಟಾ, ನಮ್ಮ ಜನರ ಅನುಭವ.

ಮಂಡ್ಯದ ಆಲೆಮನೆಯನ್ನೇ ನೋಡಿ. ಗಾಣದಿಂದ ಬಂದ ಕಬ್ಬಿನ ರಸ ಕೊಪ್ಪರಿಗೆಗೆ ಬೀಳುತ್ತದೆ. ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು. ಒಲೆಯಲ್ಲಿ ಹುಟ್ಟಿದ ಶಾಖದಲ್ಲಿ ರಸಕ್ಕೆ ಸೇರಿದ್ದು ಎಷ್ಟು, ಚಿಮಣಿಯಲ್ಲಿ ಹೋಗಿದ್ದು ಎಷ್ಟು? ಇದನ್ನು ಅಳೆಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಒಂದು ಕೊಪ್ಪರಿಗೆಗೆ ಹಾಕಿದ ರಸದ ತೂಕ, ರಸದ ಬ್ರಿಕ್ಸ್ ಅಂದರೆ ಅದರಲ್ಲಿ ಕರಗಿರುವ ಸಕ್ಕರೆ ಅಂಶದ ಅಳತೆ, ಸುಟ್ಟ ಸಿಪ್ಪೆಯ ತೂಕ ಮತ್ತು ತೇವಾಂಶ, ಚಿಮಣಿಯಲ್ಲಿ ಕೆ-ಟೈಪ್ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಇಟ್ಟು ತೆಗೆದ ಹೊಗೆಯ ತಾಪ, ಕೊನೆಗೆ ಇಳಿದ ಬೆಲ್ಲದ ತೂಕ. ಬೇರೆ ಬೇರೆ ದಿನ, ಬೇರೆ ಬೇರೆ ಆಲೆಮನೆಯಲ್ಲಿ ಇಷ್ಟನ್ನು ಕ್ರಮವಾಗಿ ಬರೆದಿಟ್ಟರೆ, ಜೈವಿಕ ಇಂಧನ ಸುಡುವುದರ ಬಗ್ಗೆ ಕೆಲಸ ಮಾಡುವ ಯಾವ ದೇಶದ ಗುಂಪಾದರೂ ನಿಂತು ನೋಡುತ್ತದೆ. ಒಲೆಯೊಳಗಿನ ಗಾಳಿಯ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಸಿಎಫ್‌ಡಿ ಮಾದರಿ ಅವರ ಹತ್ತಿರ ಇರಬಹುದು. ಆ ಮಾದರಿ ಸರಿಯೋ ತಪ್ಪೋ ಅಂತ ತಾಳೆ ನೋಡಲು ಬೇಕಾದ ಅಳತೆ ನಿಮ್ಮ ಹತ್ತಿರ ಇರುತ್ತದೆ. ಜಂಟಿ ಕೆಲಸ ಹುಟ್ಟುವುದು ಹೀಗೆ.

ಮೈಸೂರಿನವರಿಗೆ ಹಳೆಯ ಕಟ್ಟಡಗಳ ಗಾರೆಯ ವಿಷಯವಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ. 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ಅಣೆಕಟ್ಟೆಯೂ ಸುರ್ಕಿ ಗಾರೆಯದ್ದೇ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣದ ಮಿಶ್ರಣ. ಇಟಲಿ, ಪೋರ್ಚುಗಲ್‌ನಲ್ಲಿ ಹಳೆಯ ಸುಣ್ಣದ ಗಾರೆಯ ಮೇಲೆ ಕೆಲಸ ಮಾಡುವವರು ತುಂಬಾ ಇದ್ದಾರೆ. ಮಳೆ ಮತ್ತು ಬಿಸಿಲು ಎರಡೂ ಜೋರಾಗಿರುವ ನಮ್ಮ ಹವೆಯಲ್ಲಿ ಗಾರೆ ಹೇಗೆ ವಯಸ್ಸಾಗುತ್ತದೆ ಎಂಬುದು ಅವರಿಗೂ ಬೇಕಾದ ವಿಷಯ. ನೀರಿನ ಕಡೆಯವರಿಗೆ ವಿಶ್ವೇಶ್ವರಯ್ಯ ನಾಲೆಯ ಸೋರಿಕೆ ಇದೆ. ಕೃಷ್ಣರಾಜಸಾಗರದಲ್ಲೇ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವೂ ಇದೆ. ವಾಕ್ ಮತ್ತು ಶ್ರವಣದ ಕಡೆ ಒಲವಿರುವ ಎಲೆಕ್ಟ್ರಾನಿಕ್ಸ್‌ನವರಿಗೆ ಮಾನಸಗಂಗೋತ್ರಿಯ ಆಯಿಷ್ ಸಂಸ್ಥೆ ಹತ್ತಿರದಲ್ಲೇ ಸಿಗುತ್ತದೆ.

ಇದು ನಮಗೆ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಟರ್ಬೈನ್ ಬಂದಿದ್ದು ಸ್ವಿಟ್ಜರ್ಲೆಂಡ್‌ನ ಎಷರ್ ವಿಸ್ ಕಂಪನಿಯಿಂದ, ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ಇಲ್ಲಿ ಜಲಪಾತವಿತ್ತು, ವಿದ್ಯುತ್ ಬೇಕಾದವರಿದ್ದರು, ಏನು ಬೇಕು ಅನ್ನುವುದು ಸ್ಪಷ್ಟವಾಗಿತ್ತು. ಹಾಗಾಗಿ ಹೊರಗಿನವರು ಬಂದರು.

ಈ ಹಂತ ಮುಗಿಯುವಾಗ ನಿಮ್ಮ ಕೈಲಿ ಒಂದೇ ಒಂದು ಪುಟ ಇರಬೇಕು: ಪ್ರಶ್ನೆ ಏನು, ಈವರೆಗೆ ನೀವು ಅಳೆದದ್ದು ಏನು, ನಿಮ್ಮಿಂದ ಆಗದೆ ಉಳಿದದ್ದು ಏನು. ಕೊನೆಯದನ್ನು ಮುಚ್ಚಿಡಬೇಡಿ. ಅವರು ಕೈ ಹಾಕಬಹುದಾದ ಜಾಗ ಅದೇ.

2. ಹುಡುಕಿದರೆ ನೀವು ಸಿಗಬೇಕು

ನಿಮ್ಮ ಮೇಲ್ ತೆರೆದವರು ಮೊದಲು ಮಾಡುವ ಕೆಲಸ ನಿಮ್ಮ ಹೆಸರು ಹುಡುಕುವುದು. ಆರ್ಕಿಡ್ ಸಂಖ್ಯೆ ಮಾಡಿಸಿ. ಇದು ಸಂಶೋಧಕರಿಗೆ ಕೊಡುವ 16 ಅಂಕಿಯ ಉಚಿತ ಗುರುತು. ಒಂದೇ ಹೆಸರಿನ ಹತ್ತಾರು ಮಂಜುನಾಥರ ನಡುವೆ ನಿಮ್ಮ ಪೇಪರ್ ಯಾವುದು ಅಂತ ತಿಳಿಯುವುದು ಇದರಿಂದ. ಗೂಗಲ್ ಸ್ಕಾಲರ್ ಪುಟ ಮಾಡಿ, ಇನ್‌ಫ್ಲಿಬ್‌ನೆಟ್ ನಡೆಸುವ ವಿದ್ವಾನ್ ಎಂಬ ಸಂಶೋಧಕರ ಪಟ್ಟಿಗೂ ಸೇರಿ.

ಎಲ್ಲ ಪೇಪರ್‌ನಲ್ಲೂ ಹೆಸರು, ಇನಿಷಿಯಲ್, ಕಾಲೇಜಿನ ಹೆಸರು ಒಂದೇ ಥರ ಇರಲಿ. ದುಡ್ಡು ಕಟ್ಟಿದರೆ ವಾರದಲ್ಲಿ ಪ್ರಕಟಿಸುವ ಜರ್ನಲ್‌ಗಳ ಪಟ್ಟಿಯೇ ನಿಮ್ಮ ಪುಟ ತುಂಬಿದ್ದರೆ ಅನುಕೂಲಕ್ಕಿಂತ ತೊಂದರೆಯೇ ಜಾಸ್ತಿ. ಎರಡು ಗಟ್ಟಿ ಪೇಪರ್ ಇದ್ದರೂ ಸಾಕು.

3. ಸರಿಯಾದ ವ್ಯಕ್ತಿಯನ್ನು ಹುಡುಕಿ

ವಿಶ್ವವಿದ್ಯಾಲಯದ ರ‍್ಯಾಂಕ್ ನೋಡಿ ಹುಡುಕಬೇಡಿ, ಪೇಪರ್ ನೋಡಿ ಹುಡುಕಿ. ನಿಮ್ಮ ಪ್ರಶ್ನೆಗೆ ಹತ್ತಿರವಾದ ಇತ್ತೀಚಿನ ಪೇಪರ್‌ಗಳನ್ನು ಓದಿ. ಕೊನೆಯಲ್ಲಿ "ಮುಂದೆ ಆಗಬೇಕಾದ ಕೆಲಸ" ಅಂತ ಬರೆದಿರುವ ಭಾಗವನ್ನು ಎರಡು ಸಲ ಓದಿ. ಅಲ್ಲಿ "ಕ್ಷೇತ್ರದ ಅಳತೆ ಬೇಕು" ಅಂತ ಇದ್ದರೆ ನಿಮಗೆ ಬೇಕಾದವರು ಸಿಕ್ಕರು ಅಂತಲೇ ತಿಳಿಯಿರಿ.

ದೊಡ್ಡ ಹೆಸರಿನ ಪ್ರೊಫೆಸರ್‌ಗಿಂತ ಅವರ ಗುಂಪಿನ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸುತ್ತಿರುವವರು, ಅಥವಾ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರು ಬೇಗ ಉತ್ತರ ಕೊಡುತ್ತಾರೆ. ಅವರಿಗೂ ಹೊಸ ಕೆಲಸ ಬೇಕಿರುತ್ತದೆ. ನಿಮ್ಮ ಕಾಲೇಜಿನಿಂದ ಹೋಗಿ ಅಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿಗಳನ್ನೂ ಕೇಳಿ. ಅವರು ಶಿಫಾರಸು ಮಾಡಬೇಕಿಲ್ಲ, "ಈ ಲ್ಯಾಬ್‌ನವರು ಹೊರಗಿನವರ ಜೊತೆ ಕೆಲಸ ಮಾಡ್ತಾರಾ?" ಅನ್ನುವುದಕ್ಕೆ ಉತ್ತರ ಕೊಟ್ಟರೆ ಸಾಕು.

ಎಚ್ಚರಿಕೆ: "ನಿಮ್ಮನ್ನು ಮುಖ್ಯ ಭಾಷಣಕಾರರಾಗಿ ಆಹ್ವಾನಿಸುತ್ತಿದ್ದೇವೆ, ನೋಂದಣಿ ಶುಲ್ಕ ಕಟ್ಟಿ" ಎಂಬ ಮೇಲ್‌ಗಳು ಬರುತ್ತವೆ. ಸಮಿತಿಯಲ್ಲಿ ಹೆಸರಿರುವ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೇ ಬರೆದು ಕೇಳಿ. ಅಂಥ ಸಮ್ಮೇಳನದ ವಿಷಯವೇ ತಮಗೆ ಗೊತ್ತಿಲ್ಲ ಅಂತ ಅವರು ಹೇಳಿದರೆ ಅಲ್ಲಿಗೆ ಬಿಟ್ಟುಬಿಡಿ.

4. ಮೊದಲ ಮೇಲ್

ಒಂದೇ ಒಕ್ಕಣೆಯನ್ನು ಐವತ್ತು ಜನಕ್ಕೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. "ರೆಸ್ಪೆಕ್ಟೆಡ್ ಸರ್" ಅಂತ ಶುರುವಾಗಿ, ನಿಮ್ಮ ಹೆಸರಾಂತ ಸಂಸ್ಥೆ ಅಂತ ಹೊಗಳಿ, ಎಂಟು ಪುಟದ ಬಯೋಡೇಟಾ ಲಗತ್ತಿಸಿದ ಮೇಲ್ ಓದದೆಯೇ ಹೋಗುತ್ತದೆ. ಎಷ್ಟೋ ಸಲ ಆ ಪ್ರೊಫೆಸರ್ ಹೆಂಗಸಾಗಿರುತ್ತಾರೆ, "ಸರ್" ಅಂದಿದ್ದೂ ತಪ್ಪಾಗಿರುತ್ತದೆ. ಡಾಕ್ಟರ್ ಅಥವಾ ಪ್ರೊಫೆಸರ್ ಅಂತ ಹಾಕಿ ಮನೆಹೆಸರು ಬರೆಯಿರಿ.

ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಆದರೆ ಮೊದಲು ಕನ್ನಡದಲ್ಲಿ ಬರೆದು ನೋಡಿ, ವಿಷಯ ಸ್ಪಷ್ಟವಾಗಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಒಕ್ಕಣೆ ಹೀಗಿರಲಿ:

"ನಾನು ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿದ್ದೇನೆ. ಸಣ್ಣ ಒಲೆಗಳಲ್ಲಿ ಗಾಳಿಯ ಹಂಚಿಕೆ ಕುರಿತ ನಿಮ್ಮ ಪೇಪರ್ ಓದಿದೆ. ಅದರ ಕೊನೆಯಲ್ಲಿ, ಕೆಲಸ ಮಾಡುತ್ತಿರುವ ಒಲೆಗಳ ಅಳತೆ ಸಿಗಲಿಲ್ಲ ಎಂದಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಮಾಡುವ ಒಲೆಗಳಿವೆ. ಅವುಗಳ ಹೊಗೆಯ ತಾಪ ಮತ್ತು ಇಂಧನದ ತೂಕವನ್ನು ಅಳೆದಿದ್ದೇವೆ, ಒಂದು ದಿನದ ಗ್ರಾಫ್ ಲಗತ್ತಿಸಿದ್ದೇನೆ. ನಿಮ್ಮ ಮಾದರಿ ಇಂಥ ಒಲೆಗೂ ಹೊಂದುತ್ತದೆಯೇ? ಅರ್ಧ ಗಂಟೆ ವಿಡಿಯೋ ಕರೆಯಲ್ಲಿ ಮಾತಾಡಬಹುದೇ?"

ಇಷ್ಟೇ. ಒಂದು ಗ್ರಾಫ್, ಒಂದು ಪ್ರಶ್ನೆ, ಒಂದು ಸಣ್ಣ ಕೋರಿಕೆ. ದುಡ್ಡು, ಫೆಲೋಶಿಪ್, ಎಂಒಯು ಯಾವುದರ ಮಾತೂ ಮೊದಲ ಮೇಲ್‌ನಲ್ಲಿ ಬೇಡ.

ಎರಡು ವಾರ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಹಾಕಿ. ಆಮೇಲೂ ಬರದಿದ್ದರೆ ಮುಂದಿನವರಿಗೆ ಬರೆಯಿರಿ. ಆಗಸ್ಟ್‌ನಲ್ಲಿ ಇಟಲಿ, ಫ್ರಾನ್ಸ್‌ನವರಿಗೆ ಬರೆಯಬೇಡಿ, ಆ ತಿಂಗಳು ಹೆಚ್ಚಿನವರು ರಜೆಯಲ್ಲಿರುತ್ತಾರೆ.

5. ಸಣ್ಣ ಕೆಲಸ ಒಂದನ್ನು ಒಟ್ಟಿಗೆ ಮುಗಿಸಿ

ಮೊದಲ ಕರೆಯಲ್ಲೇ ಮೂರು ವರ್ಷದ ಯೋಜನೆ ಹಾಕಬೇಡಿ. ಎರಡು ಮೂರು ತಿಂಗಳಲ್ಲಿ ಮುಗಿಯುವಂಥದ್ದು ಒಂದು ಸಾಕು. ಒಂದು ಆಲೆಮನೆಯ ಡೇಟಾವನ್ನು ಅವರ ಮಾದರಿಯಲ್ಲಿ ಹಾಕಿ ನೋಡುವುದು, ಇಲ್ಲಾ ಗಾರೆಯ ಒಂದೇ ತುಣುಕನ್ನು ಎರಡೂ ಲ್ಯಾಬ್‌ನಲ್ಲಿ ಪರೀಕ್ಷಿಸಿ ತಾಳೆ ನೋಡುವುದು. ಹೊಸದಾಗಿ ಹೂಡಿದ ಜೋಡೆತ್ತಿಗೆ ಮೊದಲ ದಿನವೇ ತುಂಬಿದ ಗಾಡಿ ಕಟ್ಟುವುದಿಲ್ಲ, ಅಲ್ವಾ?

ಕರೆಯ ಸಮಯವನ್ನು ಬರವಣಿಗೆಯಲ್ಲಿ ಖಚಿತ ಮಾಡಿಕೊಳ್ಳಿ. ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ತಿರುಗಿಸುತ್ತಾರೆ. ನಮ್ಮ ಮಧ್ಯಾಹ್ನ 2.30 ಅಂದರೆ ಜರ್ಮನಿಯಲ್ಲಿ ಬೇಸಿಗೆಗೆ ಬೆಳಿಗ್ಗೆ 11, ಚಳಿಗಾಲದಲ್ಲಿ 10. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ವರ್ಷವಿಡೀ ಹಾಗೆಯೇ. ದಸರಾ ರಜೆ, ವಿಟಿಯು ಪರೀಕ್ಷೆಯ ದಿನಗಳನ್ನು ನೀವೂ ಮೊದಲೇ ಹೇಳಿಬಿಡಿ. ಹೇಳದೆ ಮೂರು ವಾರ ಮೌನವಾದರೆ ಆಸಕ್ತಿ ಹೋಯಿತು ಅಂತಲೇ ಅವರು ತಿಳಿಯುತ್ತಾರೆ.

ಪ್ರತಿ ಕರೆಯ ಸಂಜೆಯೇ ಯಾರು ಏನು ಮಾಡಬೇಕು, ಯಾವ ದಿನದೊಳಗೆ ಅಂತ ನಾಲ್ಕು ಸಾಲಿನ ಮೇಲ್ ಕಳಿಸಿ. "ಆಗುವುದಿಲ್ಲ" ಅನ್ನಬೇಕಾದ ಕಡೆ ಸಂಕೋಚಕ್ಕೆ "ನೋಡೋಣ" ಅನ್ನಬೇಡಿ. ನಮ್ಮಲ್ಲಿ ಅದು ಮರ್ಯಾದೆ, ಅವರಿಗೆ ಅದು ಒಪ್ಪಿಗೆಯಾಗಿ ಕೇಳುತ್ತದೆ.

ಇನ್ನೊಂದು, ತುಂಬಾ ಮುಖ್ಯವಾದದ್ದು: ಪೇಪರ್‌ನಲ್ಲಿ ಯಾರ ಹೆಸರು ಯಾವ ಸ್ಥಾನದಲ್ಲಿ ಎಂಬುದನ್ನು ಈ ಹಂತದಲ್ಲೇ ಮಾತಾಡಿ ಮೇಲ್‌ನಲ್ಲಿ ದಾಖಲಿಸಿ. ಡೇಟಾ ಮಾತ್ರ ನಮ್ಮದು, ಹೆಸರೆಲ್ಲ ಅವರದು ಅನ್ನುವಂತೆ ಆಗಬಾರದು. ಬಿಸಿಲಲ್ಲಿ ನಿಂತು ಅಳತೆ ತೆಗೆದ ವಿದ್ಯಾರ್ಥಿಗೆ ಲೇಖಕರ ಸಾಲಿನಲ್ಲಿ ಜಾಗ ಸಿಗಲೇಬೇಕು. ಅದೇ ರೀತಿ, ಕೆಲಸ ಮಾಡದ ಯಾರ ಹೆಸರನ್ನೂ ಗೌರವಕ್ಕೆಂದು ಸೇರಿಸಬೇಡಿ. ಹೊರಗಿನವರು ಇದನ್ನು ಗಂಭೀರ ತಪ್ಪಾಗಿ ನೋಡುತ್ತಾರೆ, ಸರಿಯಾಗಿಯೇ ನೋಡುತ್ತಾರೆ.

6. ದುಡ್ಡು ಎಲ್ಲಿಂದ

ಈಗ ಮಾತ್ರ ದುಡ್ಡಿನ ಮಾತು. ಒಟ್ಟಿಗೆ ಮಾಡಿದ ಒಂದು ಸಣ್ಣ ಕೆಲಸ ತೋರಿಸಿದರೆ ಅರ್ಜಿಗೆ ಬಲ ಬರುತ್ತದೆ.

ಎರಡು ದೇಶಗಳ ಸರ್ಕಾರ ಸೇರಿ ನಡೆಸುವ ಯೋಜನೆಗಳನ್ನೇ ಮೊದಲು ನೋಡಿ. ಇವುಗಳಲ್ಲಿ ಹೆಚ್ಚಿನವು ಭಾರತದ ಕಡೆಯ ಖರ್ಚನ್ನು ಭಾರತದಲ್ಲೇ ಕೊಡುವುದರಿಂದ, ಮುಂದೆ ಹೇಳುವ ಎಫ್‌ಸಿಆರ್‌ಎ, ಅಂದರೆ ವಿದೇಶಿ ಹಣದ ಕಾಯ್ದೆಯ ತೊಡಕು ಬರುವುದಿಲ್ಲ. ಫ್ರಾನ್ಸ್ ಜೊತೆಗಾದರೆ 1987ರಿಂದ ಇರುವ ಸೆಫಿಪ್ರಾ, ಅಮೆರಿಕಕ್ಕೆ 2000ದಲ್ಲಿ ಶುರುವಾದ ಐಯುಎಸ್‌ಎಸ್‌ಟಿಎಫ್, ಜರ್ಮನಿಗೆ ಐಜಿಎಸ್‌ಟಿಸಿ. ಐಜಿಎಸ್‌ಟಿಸಿಯ 2+2 ಯೋಜನೆಯಲ್ಲಿ ಎರಡೂ ದೇಶದಿಂದ ಒಂದೊಂದು ಶಿಕ್ಷಣ ಸಂಸ್ಥೆ, ಒಂದೊಂದು ಉದ್ಯಮ ಸೇರಬೇಕು. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕೈಗಾರಿಕಾ ಪ್ರದೇಶದ ಯಾವುದಾದರೂ ಕಂಪನಿಯ ಪರಿಚಯ ಇದ್ದವರು ಇದನ್ನು ಗಮನಿಸಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಮತ್ತು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್ ಸೇರಿ ನಡೆಸುವ ವಿನಿಮಯ ಯೋಜನೆ ಓಡಾಟ ಮತ್ತು ವಸತಿಗೆ ಮಾತ್ರ, ಉಪಕರಣಕ್ಕಲ್ಲ. ಶಿಕ್ಷಣ ಸಚಿವಾಲಯದ ಸ್ಪಾರ್ಕ್ ಯೋಜನೆ ದೊಡ್ಡದು, ಆದರೆ ಎರಡೂ ಸಂಸ್ಥೆಗಳ ರ‍್ಯಾಂಕ್ ನೋಡುತ್ತದೆ. ನಿಮ್ಮ ಕಾಲೇಜು ಅರ್ಹವೋ ಅಲ್ಲವೋ ಮೊದಲು ನೋಡಿ, ಆಮೇಲೆ ಪುಟಗಟ್ಟಲೆ ಬರೆಯಿರಿ.

ಒಬ್ಬರೇ ಹೋಗಿ ಬರುವುದಾದರೆ, ಪಿಎಚ್‌ಡಿ ಮಾಡುತ್ತಿರುವವರಿಗೆ 6ರಿಂದ 9 ತಿಂಗಳ ಫುಲ್‌ಬ್ರೈಟ್-ನೆಹರು ಫೆಲೋಶಿಪ್, ಫ್ರಾನ್ಸ್‌ಗೆ ರಾಮನ್-ಶಾರ್ಪಾಕ್ ಇವೆ. ಪದವಿ ವಿದ್ಯಾರ್ಥಿಗಳು ಕೆನಡಾದ ಮೈಟ್ಯಾಕ್ಸ್ ಗ್ಲೋಬ್‌ಲಿಂಕ್ ನೋಡಲಿ, ಅದು 12 ವಾರದ್ದು. ಯುರೋಪಿನ ಎರಾಸ್ಮಸ್ ಪ್ಲಸ್ ವಿನಿಮಯಕ್ಕೆ ಅರ್ಜಿ ಹಾಕಬೇಕಾದವರು ಅಲ್ಲಿನ ಪಾಲುದಾರರು, ನಾವಲ್ಲ. ಅವರಿಗೆ ಅದನ್ನು ನೆನಪಿಸುವುದು ನಮ್ಮ ಕೆಲಸ. ಇಲ್ಲಿನ ಅಳತೆಯ ಸಣ್ಣ ಖರ್ಚಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ (ಕೆಎಸ್‌ಸಿಎಸ್‌ಟಿ) ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ನೋಡಿ.

ನಿಯಮ, ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುತ್ತವೆ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್ ನಂಬಬೇಡಿ, ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ನೋಡಿ. ಆಡಳಿತ ಮಂಡಳಿಯ ಸಹಿಗೆ ಕನಿಷ್ಠ ಎರಡು ವಾರ ಮೀಸಲಿಡಿ. ಕೊನೆಯ ದಿನ ಪ್ರಿನ್ಸಿಪಾಲರು ಊರಲ್ಲಿಲ್ಲ ಎಂಬ ಕಾರಣಕ್ಕೇ ಎಷ್ಟೋ ಒಳ್ಳೆಯ ಅರ್ಜಿಗಳು ಹೋಗಿಲ್ಲ.

7. ಕಾಗದಪತ್ರ: ಎಂಒಯು ಮತ್ತು ಕಾನೂನು

ಈಗ ಎಂಒಯು ಬರೆಯಿರಿ. ಎರಡು ಪುಟ ಸಾಕು. ಯಾವ ಕೆಲಸ, ಎರಡೂ ಕಡೆ ಯಾರು ಹೊಣೆ, ಡೇಟಾ ಯಾರದು, ಪ್ರಕಟಣೆಗೆ ಯಾರ ಒಪ್ಪಿಗೆ ಬೇಕು, ಎಷ್ಟು ವರ್ಷ. ಜಂಟಿ ಪದವಿ ಕೊಡುವ ಯೋಚನೆ ಇದ್ದರೆ ಅದು ಬೇರೆಯೇ ದಾರಿ, ಅದಕ್ಕೆ ಯುಜಿಸಿಯ 2022ರ ನಿಯಮಾವಳಿ ಇದೆ. ಸಂಶೋಧನೆಯ ಎಂಒಯು ಜೊತೆ ಅದನ್ನು ಬೆರೆಸಬೇಡಿ.

ಜನ ಎಡವುವ ಜಾಗಗಳು ಇವು:

ವಿದೇಶದಿಂದ ನೆರವಿನ ಹಣ ನೇರವಾಗಿ ಬರುವುದಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅಡ್ಡ ಬರುತ್ತದೆ. ಕಾಲೇಜು ನಡೆಸುವ ಟ್ರಸ್ಟ್‌ಗೆ ಆ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೇ ಬರಬೇಕು. ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಂಡು ಆಮೇಲೆ ಸರಿಮಾಡುವ ಯೋಚನೆ ಬೇಡವೇ ಬೇಡ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ.

ಪೇಟೆಂಟ್ ಆಗುವಂಥದ್ದು ಸಿಕ್ಕರೆ ಪೇಪರ್‌ಗೆ ಕಳಿಸುವ ಮೊದಲು ಅರ್ಜಿ ಹಾಕಿ. ಭಾರತದಲ್ಲಿ ವಾಸಿಸುವವರು ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಪೇಟೆಂಟ್ ಕಚೇರಿಯ ಅನುಮತಿ ಪಡೆಯಬೇಕು. ಆಮೇಲಷ್ಟೇ ಹೊರದೇಶದಲ್ಲಿ ಅರ್ಜಿ. ಪೇಟೆಂಟ್ ಕಾಯ್ದೆಯ 39ನೇ ಸೆಕ್ಷನ್ ಇದನ್ನು ಹೇಳುತ್ತದೆ.

ಕಬ್ಬಿನ ರಸದಿಂದ ಬೇರ್ಪಡಿಸಿದ ಸೂಕ್ಷ್ಮಜೀವಿ, ಮಣ್ಣಿನ ಬ್ಯಾಕ್ಟೀರಿಯಾ, ಬೀಜ ಇಂಥವನ್ನು ಸುಮ್ನೆ ಕೊರಿಯರ್ ಮಾಡಬೇಡಿ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕಾಗಬಹುದು. ಡ್ರೋನ್, ಗೂಢಲಿಪಿ, ವಿಶೇಷ ಲೋಹಗಳ ಮೇಲೆ ಕೆಲಸ ಮಾಡುವವರು ಸ್ಕೋಮೆಟ್ ಪಟ್ಟಿ ನೋಡಲೇಬೇಕು. ನಾಗರಿಕ ಬಳಕೆಗೂ ಯುದ್ಧಕ್ಕೂ ಆಗಿಬರುವ ವಸ್ತು ಮತ್ತು ತಂತ್ರಜ್ಞಾನಗಳ ರಫ್ತು ಪಟ್ಟಿ ಅದು. ವಿನ್ಯಾಸವನ್ನು ಮೇಲ್ ಮಾಡಿದರೂ ರಫ್ತು ಅಂತಲೇ ಲೆಕ್ಕವಾಗಬಹುದು.

8. ಅತಿಥಿ ಬರುವಾಗ

ಪ್ರವಾಸಿ ವೀಸಾದಲ್ಲಿ ಬಂದು ಸಂಶೋಧನೆ ಮಾಡುವಂತಿಲ್ಲ. ಸಮ್ಮೇಳನಕ್ಕೆ ಕಾನ್ಫರೆನ್ಸ್ ವೀಸಾ, ಸಂಶೋಧನೆಗೆ ರಿಸರ್ಚ್ ವೀಸಾ. ಆಹ್ವಾನ ಪತ್ರದಲ್ಲಿ ಉದ್ದೇಶವನ್ನು ನಿಜವಾಗಿ ಇದ್ದ ಹಾಗೆಯೇ ಬರೆಯಿರಿ. ಕಾಲೇಜಿನ ಗೆಸ್ಟ್ ಹೌಸ್‌ನಲ್ಲಿ ಇಳಿಸಿದರೂ, ನಿಮ್ಮ ಮನೆಯಲ್ಲೇ ಇಳಿಸಿಕೊಂಡರೂ, 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಎಲ್ಲರೂ ಸಿ ಫಾರ್ಮ್ ಅನ್ನುವುದು ಇದನ್ನೇ. ಅಂತರರಾಷ್ಟ್ರೀಯ ಸಮ್ಮೇಳನ ನಡೆಸುವವರು ಕೇಂದ್ರದ ಅನುಮತಿಗಳ ವಿಷಯವನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ತಿಂಗಳುಗಳ ಮೊದಲೇ ವಿಚಾರಿಸಿ.

ಅಣೆಕಟ್ಟೆ, ನಾಲೆಯ ಗೇಟ್ ತೋರಿಸುವುದಿದ್ದರೆ ಕಾವೇರಿ ನೀರಾವರಿ ನಿಗಮಕ್ಕೆ ಮೊದಲೇ ಪತ್ರ ಕೊಡಿ. ಅಲ್ಲಿ ಡ್ರೋನ್ ಹಾರಿಸಬೇಡಿ.

ಉದ್ಘಾಟನೆ, ಶಾಲು, ಪೇಟ, ಹಾರಕ್ಕೆ ಅರ್ಧ ದಿನ ಹೋಗದಂತೆ ನೋಡಿಕೊಳ್ಳಿ. ಅಷ್ಟು ದೂರದಿಂದ ಬಂದವರನ್ನು ನಿಮ್ಮ ವಿದ್ಯಾರ್ಥಿಗಳ ಜೊತೆ ಲ್ಯಾಬ್‌ನಲ್ಲಿ ಕೂರಿಸಿ. ಹುಡುಗರು ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯುತ್ತಾರೆ. ತಮ್ಮದೇ ಗ್ರಾಫನ್ನು ಐದು ನಿಮಿಷ ವಿವರಿಸಲು ಒಬ್ಬೊಬ್ಬರನ್ನೂ ಮೊದಲೇ ತಯಾರು ಮಾಡಿ.

9. ಜನರಿಗೆ ತಲುಪಿಸುವುದು

ಔಟ್‌ರೀಚ್ ಅಂದರೆ ಸಂಶೋಧನೆಯನ್ನು ಲ್ಯಾಬ್ ಆಚೆಯ ಜನರ ಹತ್ತಿರ ಒಯ್ಯುವುದು. ಯುರೋಪಿನ ಅರ್ಜಿಗಳಲ್ಲಿ ಇದಕ್ಕೆ ಪ್ರತ್ಯೇಕ ಭಾಗವೇ ಇರುತ್ತದೆ, ಅಂಕವೂ ಇರುತ್ತದೆ. ನಮ್ಮವರು ಅಲ್ಲಿ "ಒಂದು ವರ್ಕ್‌ಶಾಪ್ ಮಾಡುತ್ತೇವೆ" ಅಂತ ಬರೆದು ಕೈತೊಳೆಯುತ್ತಾರೆ. ಹಾಗೆ ಮಾಡಬೇಡಿ. ಯಾರಿಗೆ, ಎಲ್ಲಿ, ಯಾವ ಭಾಷೆಯಲ್ಲಿ, ಎಷ್ಟು ಖರ್ಚಿನಲ್ಲಿ ಅಂತ ಬರೆಯಿರಿ, ಬಜೆಟ್‌ನಲ್ಲಿ ಅದಕ್ಕೆ ದುಡ್ಡು ಇಡಿ.

ಸರ್ಕಾರಿ ಪ್ರೌಢಶಾಲೆಗೆ ಹೋಗುವುದಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಒಪ್ಪಿಗೆ ಪಡೆಯಿರಿ. ಫೆಬ್ರವರಿ 28ರ ವಿಜ್ಞಾನ ದಿನ, ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನಕ್ಕೆ ಶಾಲೆಗಳೇ ಜನ ಹುಡುಕುತ್ತಿರುತ್ತವೆ. ವಿದೇಶಿ ಅತಿಥಿ ಮಾತಾಡಿದರೆ ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳಿ. ಥರ್ಮೋಕಪಲ್ ಒಂದನ್ನು ಮಕ್ಕಳ ಕೈಗೆ ಕೊಟ್ಟು ಬಿಸಿನೀರಿನಲ್ಲಿ ಅದ್ದಿಸಿದರೆ ಸ್ಲೈಡ್ ಬೇಕಾಗುವುದೇ ಇಲ್ಲ. ಮಕ್ಕಳ ಫೋಟೊ ಹಾಕುವ ಮೊದಲು ಶಾಲೆ ಮತ್ತು ಪೋಷಕರನ್ನು ಕೇಳಿ. ದೊಡ್ಡವರಿಗೆ ತಲುಪಿಸಲು ಮೈಸೂರು ಆಕಾಶವಾಣಿ ಇದೆ. ವಿದ್ಯಾರ್ಥಿಗಳು ಊರಿಗೆ ಉಪಯೋಗವಾಗುವ ಸಾಧನ ಮಾಡುವುದಾದರೆ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಘ ಐಇಇಇಯ ಎಪಿಕ್ಸ್ ಯೋಜನೆಗೂ ಅರ್ಜಿ ಹಾಕಬಹುದು.

ಅಳತೆಗೆ ಜಾಗ ಕೊಟ್ಟ ಆಲೆಮನೆ ಯಜಮಾನರಿಗೆ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಕ್ವಿಂಟಲ್ ಬೆಲ್ಲಕ್ಕೆ ಎಷ್ಟು ಸಿಪ್ಪೆ ಸುಟ್ಟಿತು, ಪಕ್ಕದ ಆಲೆಮನೆಗಿಂತ ಹೆಚ್ಚೋ ಕಡಿಮೆಯೋ, ಒಲೆಯಲ್ಲಿ ಏನು ಬದಲಿಸಿ ನೋಡಬಹುದು, ಅದಕ್ಕೆ ಖರ್ಚೆಷ್ಟು. ಪಕ್ಕದವರ ಹೆಸರು ಮಾತ್ರ ಬರೆಯಬೇಡಿ. ಇಷ್ಟು ಉಳಿತಾಯ ಆಗೇ ಆಗುತ್ತದೆ ಅಂತ ಮಾತೂ ಕೊಡಬೇಡಿ, ಅಳೆದಷ್ಟನ್ನೇ ಹೇಳಿ. ಪೇಪರ್ ಪ್ರಕಟವಾಗುವವರೆಗೆ ಕಾದರೆ ಒಂದು ಹಂಗಾಮು ದಾಟಿಹೋಗುತ್ತದೆ. ಹಾಗಾಗಿ, ಅಳತೆಗೆ ಜಾಗ ಕೊಟ್ಟವರಿಗೆ ಅವರ ಒಲೆಯ ಫಲಿತಾಂಶವನ್ನು ಪ್ರಕಟಣೆಗೆ ಮೊದಲೇ ಕೊಡಬಹುದು ಎಂಬ ಒಂದು ಸಾಲನ್ನು ಎಂಒಯುನಲ್ಲೇ ಸೇರಿಸಿಬಿಡಿ.